ಪದಚರ್ಚೆ: ಪೊರಕೆಯ ಕಚ್ಚಾಸಾಮಗ್ರಿಯೆಲ್ಲ ‘ನಾರು’ ಆದೀತೇ?

ಪೊರಕೆ ಮತ್ತು ಬ್ರಷ್ಷುಗಳ ತಯಾರಿಕೆಗೆಂದು ಆಮದಾಗುವ ಸಸ್ಯಮೂಲದ ಸರಕುಗಳ ಸುಂಕಪಟ್ಟಿಯನ್ನು ಕನ್ನಡಕ್ಕೆ ತರುವಾಗ ಎರಡು ಪದಗಳು ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದವು.

ಮೊದಲನೆಯದು ‘ನಾರು’. ಬ್ರೆಜಿಲ್‌ನ ಪಿಯಾಸಾವಾ ಒಂದು ಬಗೆಯ ತಾಳೆಮರದ ಎಲೆಬುಡದಿಂದ ಬರುತ್ತದೆ. ವ್ಯಾಪಾರದಲ್ಲಿ ಟ್ಯಾಂಪಿಕೊ ಎನಿಸಿಕೊಳ್ಳುವ ಮೆಕ್ಸಿಕೊದ ಇಸ್ಟ್ಲೆ, ಕತ್ತಾಳೆಯ ಕುಲದ ಗಿಡದ ಎಲೆಯನ್ನು ಹೆರೆದು ತೆಗೆದದ್ದು. ಇವನ್ನು ನಾರು ಎನ್ನಲು ಅಡ್ಡಿಯಿಲ್ಲ. ಆದರೆ ಇಂಗ್ಲಿಷಿನವರು ಬ್ರೂಮ್‌ಕಾರ್ನ್ ಎನ್ನುವ ಸರಕು ನಾರೇ ಅಲ್ಲ, ಕಾಳು ಉದುರಿಸಿದ ತೆನೆಯ ಉದ್ದನೆಯ ಕವಲುಕಡ್ಡಿ. ‘ಕಾರ್ನ್’ ಕಂಡೊಡನೆ ಮೆಕ್ಕೆಜೋಳ ಎಂದು ಬರೆದುಬಿಡುವ ಅಪಾಯವೂ ಇಲ್ಲಿದೆ. ಆ ಗಿಡ ಕನ್ನಡದಲ್ಲಿ ಬರಿದೆ ಜೋಳ ಎನ್ನುವ ಬೆಳೆಯ ಜಾತಿಯದೇ ಆದ್ದರಿಂದ ‘ಪೊರಕೆಜೋಳ’ ಎಂದರೆ ಮೂಲಕ್ಕಿಂತ ಕನ್ನಡವೇ ಹೆಚ್ಚು ಖಚಿತವಾಗುತ್ತದೆ. ಮೇಲಾಗಿ ನಾರು ಎಂದಾಗ ಹೊಸೆಯುವ, ಹುರಿಮಾಡುವ ಮೆತುವು ಮನಸ್ಸಿಗೆ ಬರುತ್ತದೆ. ಪೊರಕೆಗೆ ಬೇಕಾದುದಾದರೋ ಬಾಗಿದರೂ ಮತ್ತೆ ನೆಟ್ಟಗಾಗುವ ಬಿರುಸು. ಹಾಗಾಗಿ ಶೀರ್ಷಿಕೆಯಲ್ಲಿ ‘ಪೊರಕೆಯ ಸಸ್ಯಸಾಮಗ್ರಿ’ ಎಂದಿಟ್ಟು, ಒಳಗೆ ನಾರು, ಕಡ್ಡಿ, ಬೇರು ಎಂದು ಆಯಾ ಸರಕಿಗೆ ತಕ್ಕಂತೆ ಬರೆದಿದ್ದೇನೆ.

ಎರಡನೆಯದು ‘ಕಂತೆ’. ಇದರಲ್ಲಿ ತಪ್ಪಿದರೆ ಸುಂಕವೇ ಬದಲಾದೀತು. ಅಂತರರಾಷ್ಟ್ರೀಯ ಸರಕು ವರ್ಗೀಕರಣದಲ್ಲಿ ಈ ಸಾಮಗ್ರಿಗೆ 1403 ಎಂಬ ಪ್ರತ್ಯೇಕ ಶೀರ್ಷಿಕೆಯಿತ್ತು. 2007ರ ಪರಿಷ್ಕರಣೆಯಲ್ಲಿ ಅದು ರದ್ದಾಗಿ 1404.90ರೊಳಗೆ ಸೇರಿತು. ಹಳೆಯ ಶೀರ್ಷಿಕೆಯು ಸರಕು ಲಡಿಯಾಗಿರಲಿ, ಕಟ್ಟಾಗಿರಲಿ ಕಚ್ಚಾಸಾಮಗ್ರಿಯೆಂದೇ ಎಣಿಸುತ್ತಿತ್ತು. ಆದರೆ ಬಿಡಿಸಿ ಹಂಚುವ ಕೆಲಸವಿಲ್ಲದೆ, ಹೆಚ್ಚೆಂದರೆ ತುದಿಯನ್ನು ಕತ್ತರಿಸಿ ಆಕಾರಕ್ಕೆ ತಂದು, ಹಾಗೆಯೇ ಬ್ರಷ್ಷಿನಲ್ಲಿ ಕೂರಿಸಬಹುದಾದ ಸಿದ್ಧ ಗೊಂಚಲು ಪೊರಕೆ-ಬ್ರಷ್ಷುಗಳ ಜೊತೆಗೆ 9603ಕ್ಕೆ ಹೋಗುತ್ತದೆ. ನನ್ನ ಮೊದಲ ಕರಡಿನಲ್ಲಿ ಎರಡಕ್ಕೂ ‘ಕಂತೆ’ ಎಂದೇ ಬರೆದಿದ್ದೆ. ಕರಡು ತಿದ್ದಿದವರು ಅಂಚಿನಲ್ಲಿ ‘ಯಾವ ಕಂತೆ?’ ಎಂದು ಗೀಚಿ ಕಳುಹಿಸಿದರು.

ಈಗ ಸಾಗಣೆಗಾಗಿ ಕಟ್ಟಿದ್ದಕ್ಕೆ ‘ಕಟ್ಟು’, ಜೋಡಣೆಗೆ ಸಿದ್ಧವಾದದ್ದಕ್ಕೆ ‘ಕುಚ್ಚು’ ಎಂದು ಬೇರ್ಪಡಿಸಿದ್ದೇನೆ. ‘ಗುಚ್ಛ’ ಹೂವಿನ ಕಡೆಗೆ ವಾಲುತ್ತದೆಂದು ಕೈಬಿಟ್ಟೆ. ಕುಚ್ಚು ಎಂದರೆ ಓದುಗರಿಗೆ ಸೆರಗಿನ ಅಲಂಕಾರವೇ ನೆನಪಾಗಿ ಅರ್ಥ ಮಸುಕಾಗುವುದೇ, ಬ್ರಷ್ಷು ಕಟ್ಟುವವರ ಬಾಯಲ್ಲಿ ಇದಕ್ಕೆ ಬೇರೆ ಮಾತು ರೂಢಿಯಲ್ಲಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.