ಫ್ಲೋರೈಡ್ ಅಳೆಯುವಾಗ ರೀಡಿಂಗ್ ಮೈನಸ್ ಬರುತ್ತಿದೆ, ಯಾಕೆ?

ಪ್ರಶ್ನೆ: ಪಾವಗಡ ಕಡೆಯ ಬೋರ್‌ವೆಲ್ ನೀರಿನ ಫ್ಲೋರೈಡ್ ನೋಡುತ್ತಿದ್ದೇವೆ. ಸ್ಪ್ಯಾಡ್ನ್ಸ್ ಎಂಬ ಬಣ್ಣ ಬಳಸುವ ವಿಧಾನ, 570 ನ್ಯಾನೋಮೀಟರ್ ಬೆಳಕು. ಫ್ಲೋರೈಡ್ ಇಲ್ಲದ ಬ್ಲ್ಯಾಂಕ್ ಇಟ್ಟು ಸೊನ್ನೆ ಮಾಡಿದರೆ ಸ್ಟ್ಯಾಂಡರ್ಡ್‌ಗಳೆಲ್ಲ (ಫ್ಲೋರೈಡ್ ಪ್ರಮಾಣ ಗೊತ್ತಿರುವ ದ್ರಾವಣಗಳು) ಮೈನಸ್ ತೋರಿಸುತ್ತವೆ. ಯಂತ್ರದ ದೀಪ ಹಾಳಾಗಿದೆಯೇ?

ಉತ್ತರ: ದೀಪದ ತಪ್ಪಲ್ಲ, ಸೊನ್ನೆ ಮಾಡಿದ ದ್ರಾವಣದ್ದು. ವಸ್ತು ಯಾವ ತರಂಗಾಂತರದ ಬೆಳಕನ್ನು ಎಷ್ಟು ಹೀರುತ್ತದೆ, ಎಷ್ಟು ಹೊಮ್ಮಿಸುತ್ತದೆ ಎಂದು ನೋಡಿ ಅದರ ಗುರುತು, ಪ್ರಮಾಣ ಹೇಳುವುದೇ ಸ್ಪೆಕ್ಟ್ರೋಸ್ಕೋಪಿ. ಫ್ಲೋರೈಡ್ ಕಣ್ಣಿಗೆ ಕಾಣುವ ಬೆಳಕನ್ನು ಹೀರುವುದೇ ಇಲ್ಲ. ಅದಕ್ಕೇ ಜಿರ್ಕೋನಿಯಂ ಜೊತೆ ಸ್ಪ್ಯಾಡ್ನ್ಸ್ ಬಣ್ಣ ಕಟ್ಟಿದ ಕೆಂಪು ಸಂಯುಕ್ತ ಬೇಕು. ಫ್ಲೋರೈಡ್ ಅದರಿಂದ ಜಿರ್ಕೋನಿಯಂ ಕಿತ್ತುಕೊಂಡಷ್ಟೂ ಬಣ್ಣ ಮಾಸುತ್ತದೆ. ಬ್ಲ್ಯಾಂಕ್‌ನಲ್ಲೇ ಬಣ್ಣ ಗರಿಷ್ಠ, ಅದನ್ನೇ ಸೊನ್ನೆ ಮಾಡಿದರೆ ಉಳಿದವೆಲ್ಲ ಅದಕ್ಕಿಂತ ಕೆಳಗೆ, ಅಂದರೆ ಮೈನಸ್.

ಸೊನ್ನೆಗೆ ರೆಫರೆನ್ಸ್ ದ್ರಾವಣ ಮಾಡಿಕೊಳ್ಳಿ: 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 10 ಮಿ.ಲೀ. ಸ್ಪ್ಯಾಡ್ನ್ಸ್ ದ್ರಾವಣ, ಜೊತೆಗೆ 7 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲವನ್ನು ನೀರಿನಲ್ಲಿ 10 ಮಿ.ಲೀ.ಗೆ ತಂದದ್ದು. ಜಿರ್ಕೋನಿಯಂ ಹಾಕಬೇಡಿ. ಆಮೇಲೆ 0ಯಿಂದ 1.4 ಮಿ.ಗ್ರಾಂ/ಲೀ. ವರೆಗಿನ ಸ್ಟ್ಯಾಂಡರ್ಡ್‌ಗಳು, ಪ್ರತಿ 50 ಮಿ.ಲೀ.ಗೆ 10 ಮಿ.ಲೀ. ಆಮ್ಲ-ಜಿರ್ಕೋನಿಲ್-ಸ್ಪ್ಯಾಡ್ನ್ಸ್ ಮಿಶ್ರಣ. ಇದನ್ನು ಪಿಪೆಟ್‌ನಲ್ಲೇ ಅಳೆಯಿರಿ. ಮಿಶ್ರಣದ ಅಳತೆ ತಪ್ಪಿದರೆ ಬಣ್ಣವೇ ಬದಲಾಗಿ, ಆ ತಪ್ಪು ಫ್ಲೋರೈಡ್ ಲೆಕ್ಕಕ್ಕೆ ಸೇರಿಬಿಡುತ್ತದೆ. ನೀರಿನ ಮಾದರಿ, ಸ್ಟ್ಯಾಂಡರ್ಡ್ ಎರಡೂ ಒಂದೇ ಉಷ್ಣಾಂಶದಲ್ಲಿರಲಿ. 2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬೇಡ. ಫ್ರಿಜ್‌ನಿಂದ ತೆಗೆದ ಬಾಟಲಿಯನ್ನು ಹಾಗೇ ಓದಬೇಡಿ.

ಪ್ರಶ್ನೆ: ಒಂದು ಮಾದರಿ 1.4 ದಾಟುತ್ತಿದೆ. ಗ್ರಾಫ್ ಗೆರೆ ಮುಂದಕ್ಕೆ ಎಳೆದು ಓದಬಹುದೇ?

ಉತ್ತರ: ಬೇಡ, ಅಲ್ಲಿ ಗೆರೆ ನೇರ ಇರುವುದಿಲ್ಲ. 10 ಮಿ.ಲೀ. ಮಾದರಿಯನ್ನು 50ಕ್ಕೆ ತಂದು ಓದಿ, 5ರಿಂದ ಗುಣಿಸಿ. ಕುಡಿಯುವ ನೀರಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಿತಿ 1.0 ಮಿ.ಗ್ರಾಂ/ಲೀ., ಬೇರೆ ಮೂಲವಿಲ್ಲದಿದ್ದರೆ 1.5. ಆ ಗಡಿಯ ಹತ್ತಿರದ ಉತ್ತರವನ್ನು ಊಹೆಗೆ ಬಿಡಲಾಗದು.

ಮತ್ತೊಬ್ಬರ ಉತ್ತರ: ಫ್ಲೋರೈಡ್ ತೆಗೆಯುವ ನಲಗೊಂಡ ವಿಧಾನದಲ್ಲಿ ಆಲಂ (ಅಲ್ಯೂಮಿನಿಯಂ ಇರುವ ಪಟಿಕ) ಹಾಕಿದ ನೀರಾದರೆ ಇನ್ನೂ ಎಚ್ಚರ. ಲೀಟರಿಗೆ 0.1 ಮಿ.ಗ್ರಾಂ ಅಲ್ಯೂಮಿನಿಯಂ ಉಳಿದಿದ್ದರೂ ಫ್ಲೋರೈಡ್ ಸುಮಾರು 0.1ರಷ್ಟು ಕಡಿಮೆ ಕಾಣುತ್ತದೆ. ಶುದ್ಧೀಕರಣ ಗೆದ್ದಿತೆಂದು ತಪ್ಪು ತಿಳಿಯುತ್ತೇವೆ. ಮೊದಲು ಡಿಸ್ಟಿಲ್ ಮಾಡಿ. ಕ್ಲೋರಿನ್ ಇದ್ದರೆ ಸೋಡಿಯಂ ಆರ್ಸೆನೈಟ್‌ನಿಂದ ಪೂರ್ತಿ ತೆಗೆಯಿರಿ. ಅದು ವಿಷ, ಬಾಯಿಂದ ಪಿಪೆಟ್ ಎಳೆಯಲೇಬೇಡಿ.

ಪ್ರಶ್ನೆ: ಇಷ್ಟೆಲ್ಲ ಯಾಕೆ, ಎಎಎಸ್‌ನಲ್ಲೇ (ಪರಮಾಣು ಬೆಳಕು ಹೀರುವುದನ್ನು ಅಳೆಯುವ ಯಂತ್ರ) ನೇರ ಅಳೆದರಾಗದೇ?

ಉತ್ತರ: ಆಗದು. ಅದು ಲೋಹಗಳಿಗೆ ಸರಿ: ಕಬ್ಬಿಣ 248.3, ಸೀಸ 283.3 ನ್ಯಾನೋಮೀಟರ್. ಫ್ಲೋರಿನ್ ಪರಮಾಣು ಹೀರುವ ಬೆಳಕು 100 ನ್ಯಾನೋಮೀಟರ್‌ಗಿಂತ ಕೆಳಗಿನದು, ಯಂತ್ರದೊಳಗಿನ ಗಾಳಿಯೇ ಅದನ್ನು ನುಂಗಿಬಿಡುತ್ತದೆ.