ಗೆರೆ ಮೊದಲು ಬಂದು ಕಾರಣ ಆಮೇಲೆ ಬಂದರೆ ಅದು ವಿನ್ಯಾಸವೇ?

ಪ್ರಶ್ನೆ: ಮೂರನೇ ವರ್ಷದ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಬಿ.ಆರ್ಕ್ (ವಾಸ್ತುಶಿಲ್ಪ ಪದವಿ) ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಈ ಸೆಮಿಸ್ಟರಿನ ಸ್ಟುಡಿಯೊದಲ್ಲಿ ನಮಗೆ ಕೊಟ್ಟ ವಿಷಯ ಮಂಡಕ್ಕಿ ಭಟ್ಟಿಯವರ ವಠಾರ: ಹನ್ನೆರಡು ಕುಟುಂಬಗಳಿಗೆ ಮನೆಯೂ ದುಡಿಮೆಯ ಜಾಗವೂ ಒಂದೇ ಕಡೆ ಇರಬೇಕು. ಪಾಠದ ಪ್ರಕಾರ ಮೊದಲು ಸೈಟ್ ಅನಾಲಿಸಿಸ್, ನಂತರ ಕೇಸ್ ಸ್ಟಡಿ, ಬಬಲ್ ಡಯಾಗ್ರಾಮ್ (ಯಾವ ಜಾಗದ ಪಕ್ಕ ಯಾವುದು ಎಂದು ವೃತ್ತಗಳಲ್ಲಿ ತೋರಿಸುವ ಚಿತ್ರ), ಅದರಿಂದ ಕಾನ್ಸೆಪ್ಟ್, ಕೊನೆಗೆ ಪ್ಲಾನ್. ನನ್ನಲ್ಲಿ ಹಾಗಾಗಲಿಲ್ಲ. ವಿಷಯ ಗೊತ್ತಾದ ಸಂಜೆಯೇ ಬಸ್ಸಿನಲ್ಲಿ ಕುಳಿತು, ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಡುವೆ ಇಪ್ಪತ್ತು ಅಡಿಯ ಚೌಕ ಅಂಗಳ, ಸುತ್ತ ಎರಡಂತಸ್ತಿನ ಮನೆಗಳು ಎಂದು ಗೀಚಿಬಿಟ್ಟಿದ್ದೆ. ಮುಂದಿನ ಮೂರು ವಾರ ಮಾಡಿದ ವಿಶ್ಲೇಷಣೆಯೆಲ್ಲ, ನಿಜ ಹೇಳಬೇಕೆಂದರೆ, ಆ ಚೌಕಕ್ಕೆ ಸಾಕ್ಷಿ ಹುಡುಕುವ ಕೆಲಸವಾಗಿತ್ತು.

ನಮ್ಮ ವಿನ್ಯಾಸಗಳನ್ನು ಪ್ರಶ್ನಿಸಿ ಅಂಕ ಕೊಡುವ ಜ್ಯೂರಿಗೆ ಬಂದಿದ್ದ ಹಿರಿಯರೊಬ್ಬರು “ಈ ಅಂಗಳ ಎಲ್ಲಿಂದ ಬಂತಮ್ಮಾ?” ಎಂದು ಕೇಳಿದರು. ಗಾಳಿಯ ದಿಕ್ಕು, ಸಮುದಾಯ, ನಮ್ಮ ತೊಟ್ಟಿ ಮನೆಗಳ ಪರಂಪರೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಪೋಣಿಸಿ ಹೇಳಿದೆ. ಅವರು ನಕ್ಕು ಸುಮ್ಮನಾದರು. ಅಂಕ ಕಡಿಮೆಯೇನೂ ಬರಲಿಲ್ಲ, ಆದರೆ ಸುಳ್ಳು ಹೇಳಿದೆನೆಂಬ ಕೊರಗು ಹೋಗಿಲ್ಲ. ವೃತ್ತಿಯಲ್ಲಿರುವವರು ನಿಜವಾಗಿಯೂ ವಿಶ್ಲೇಷಣೆಯಿಂದ ಆಕಾರಕ್ಕೆ ಬರುತ್ತೀರಾ, ಅಥವಾ ನಿಮಗೂ ಆಕಾರವೇ ಮೊದಲು ಹೊಳೆಯುತ್ತದೆಯೇ?

ಉತ್ತರ 1: ವಾಸ್ತುಶಿಲ್ಪಿ, ದಾವಣಗೆರೆ

ಹದಿನೆಂಟು ವರ್ಷಗಳಿಂದ ಇದೇ ಊರಿನಲ್ಲಿ ಕಚೇರಿ ನಡೆಸುತ್ತಿದ್ದೇನೆ. ಮೊದಲು ನಿಮ್ಮ ಅಳುಕು ಕಳೆಯೋಣ. ಆಕಾರ ಮೊದಲು ಹೊಳೆಯುವುದು ಕಳ್ಳತನವಲ್ಲ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ವಸತಿಗಳನ್ನು ವಿನ್ಯಾಸ ಮಾಡಿದ್ದ ವಾಸ್ತುಶಿಲ್ಪಿಗಳನ್ನು ಜೇನ್ ಡಾರ್ಕ್ ಎಂಬ ಸಂಶೋಧಕಿ ಸಂದರ್ಶಿಸಿ 1979ರಲ್ಲಿ ಬರೆದದ್ದು ಇದನ್ನೇ: ಅವರು ಸಮಸ್ಯೆಯನ್ನು ಪೂರ್ತಿ ಬಿಡಿಸಿ ಆಮೇಲೆ ಪರಿಹಾರಕ್ಕೆ ಬಂದವರಲ್ಲ, ಬಹಳ ಬೇಗನೆ ಒಂದು ಸರಳ ಕಲ್ಪನೆಯನ್ನು ಹಿಡಿದು, ಅದನ್ನು ಸಮಸ್ಯೆಯ ಮೇಲೆ ಇಟ್ಟು ನೋಡುತ್ತ, ಸಮಸ್ಯೆ ಏನೆಂಬುದನ್ನು ಆ ಕಲ್ಪನೆಯ ಮೂಲಕವೇ ಅರಿತವರು.

ನನ್ನ ಕೆಲಸಗಳಲ್ಲಿ ಬಹುಪಾಲು ಮೂವತ್ತು-ನಲವತ್ತರ ಸೈಟುಗಳು. ಮನೆಯವರು ಕುರ್ಚಿಯಲ್ಲಿ ಕೂರುವ ಹೊತ್ತಿಗೆ ನನ್ನ ತಲೆಯಲ್ಲಿ ಮೆಟ್ಟಿಲು ಕೂತಿರುತ್ತದೆ. ಮೇಲಿನ ಮನೆ ಬಾಡಿಗೆಗಾದರೆ ಮೆಟ್ಟಿಲು ಹೊರಗೆ, ಮಗನ ಸಂಸಾರಕ್ಕಾದರೆ ಒಳಗೆ. ಅದೊಂದು ತೀರ್ಮಾನವಾದರೆ ಕಾರು, ಅಡುಗೆಮನೆ, ದೇವರ ಕೋಣೆ ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ. (ಆಯ, ಈಶಾನ್ಯ ಮೂಲೆ ಎಂದು ತಕರಾರು ಬರುವುದು ಇದ್ದೇ ಇದೆ, ಅದು ಬೇರೆ ಪುರಾಣ.)

ಆದರೆ ಹೊಳೆದದ್ದನ್ನೇ ನಂಬಿ ಕೂತರೆ ಏನಾಗುತ್ತದೆ ಎಂಬುದಕ್ಕೆ ನನ್ನದೇ ಒಂದು ಪ್ರಸಂಗ. ಒಂದು ಮನೆಗೆ ಮೆಟ್ಟಿಲನ್ನು ಪಡಸಾಲೆಯ ಮಧ್ಯದಿಂದ ಏರಿಸಿದ್ದೆ. ನೋಡಲು ಚೆಂದವಾಗಿತ್ತು, ಎಲ್ಲರೂ ಒಪ್ಪಿದ್ದರು. ಅಷ್ಟೂ ದಿನ ಮೂಲೆಯಲ್ಲಿ ಸುಮ್ಮನೆ ಕೂರುತ್ತಿದ್ದ ಅಜ್ಜಿ ಕೊನೆಯ ದಿನ ಪ್ಲಾನನ್ನು ತನ್ನ ಕಡೆ ತಿರುಗಿಸಿಕೊಂಡು, “ನಾಳೆ ನಾನು ಹೋದರೆ ನನ್ನನ್ನ ಎಲ್ಲಿ ಕೂರಿಸ್ತೀರಪ್ಪ? ಭಜನೆಯವರು ಎಲ್ಲಿ ಕೂರಬೇಕು?” ಎಂದು ಕೇಳಿದರು. ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಪಡಸಾಲೆಯಲ್ಲಿ ಕೂರಿಸಿ ಪೂಜೆ ಮಾಡುವುದು, ರಾತ್ರಿಯೆಲ್ಲ ಭಜನೆ ನಡೆಯುವುದು ನನಗೆ ಗೊತ್ತಿಲ್ಲದ್ದೇನಲ್ಲ. ನನ್ನ ತಾತನನ್ನೂ ಹಾಗೆಯೇ ಕೂರಿಸಿದ್ದರು. ಆದರೂ ಪ್ಲಾನ್ ಬರೆಯುವಾಗ ಅದು ನೆನಪಿಗೆ ಬರಲಿಲ್ಲ. ಮೆಟ್ಟಿಲು ಗೋಡೆಯ ಬದಿಗೆ ಹೋಯಿತು. ಅಂಗಳ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ನೀವು “ಬಸ್ಸಿನಲ್ಲಿ ಹೊಳೆಯಿತು” ಎಂದಿದ್ದರೂ ಸರಿಯೇ ಇತ್ತು. ನಿಮ್ಮನ್ನು ಕೇಳಬೇಕಾಗಿದ್ದದ್ದು, ಹೊಳೆದ ಮೇಲೆ ಅದಕ್ಕೆ ಯಾರು ಯಾರು ಅಡ್ಡ ಬಂದರು ಎಂದು.

ಉತ್ತರ 2: ಅಧ್ಯಾಪಕಿ, ಚಿತ್ರದುರ್ಗದವಳು

ಮೇಲಿನ ಮಾತನ್ನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಹದಿನೆಂಟು ವರ್ಷದ ಅನುಭವಕ್ಕೆ ಹೊಳೆಯುವುದೂ ಮೂರನೇ ವರ್ಷದಲ್ಲಿ ಹೊಳೆಯುವುದೂ ಒಂದೇ ಅಲ್ಲ. ವಿನ್ಯಾಸಕಾರರು ಹೇಗೆ ಯೋಚಿಸುತ್ತಾರೆ ಎಂಬುದನ್ನು ಅಧ್ಯಯನ ಮಾಡಿದ ಬ್ರಯನ್ ಲಾಸನ್ ನಡೆಸಿದ ಪ್ರಸಿದ್ಧ ಪ್ರಯೋಗವೊಂದಿದೆ. ಬಣ್ಣದ ಮರದ ತುಂಡುಗಳನ್ನು ಚೌಕಳಿಯ ಮೇಲೆ ಜೋಡಿಸಿ, ಹೊರಗೋಡೆಯಲ್ಲಿ ಒಂದು ಬಣ್ಣ ಆದಷ್ಟು ಹೆಚ್ಚು ಕಾಣುವಂತೆ ಮಾಡಬೇಕು. ಜೊತೆಗೆ ಯಾವ ತುಂಡು ಇರಲೇಬೇಕೆಂಬ ಗುಟ್ಟಿನ ನಿಯಮವೊಂದಿರುತ್ತದೆ. ವಿಜ್ಞಾನದ ವಿದ್ಯಾರ್ಥಿಗಳು ಬೇರೆ ಬೇರೆ ತುಂಡುಗಳನ್ನು ಸರಸರನೆ ಇಟ್ಟು ಮೊದಲು ನಿಯಮವನ್ನು ಕಂಡುಹಿಡಿಯಲು ಹೊರಟರು. ವಾಸ್ತುಶಿಲ್ಪದ ಹಿರಿಯ ವಿದ್ಯಾರ್ಥಿಗಳು ಬಣ್ಣ ಚೆನ್ನಾಗಿ ಕಾಣುವ ಜೋಡಣೆಯನ್ನು ಮಾಡಿಟ್ಟು, ಅದು ನಡೆಯದಿದ್ದರೆ ಅದರ ನಂತರದ ಉತ್ತಮ ಜೋಡಣೆಗೆ ಹೋದರು. ಸಾಮಾನ್ಯವಾಗಿ ಇಷ್ಟನ್ನು ಮಾತ್ರ ಹೇಳಿ ನಿಲ್ಲಿಸುತ್ತಾರೆ. ಆಗಷ್ಟೇ ಕಾಲೇಜು ಸೇರಿದವರಲ್ಲಿ ಲಾಸನ್‌ಗೆ ಇಂಥ ವ್ಯತ್ಯಾಸವೇ ಸ್ಪಷ್ಟವಾಗಿ ಕಾಣಲಿಲ್ಲ. ಎಂದರೆ ಈ ಬಗೆಯ ಯೋಚನೆ ಹುಟ್ಟುಗುಣವಲ್ಲ, ಓದುತ್ತ ಓದುತ್ತ ಬರುವ ರೂಢಿ. ನಿಮಗೆ ಈಗ ಆ ರೂಢಿ ಬಂದಿದೆ. ಆದರೆ ಮನಸ್ಸಿನ ಕಣಜದಲ್ಲಿ ಇರುವ ಕಾಳು ಯಾವುದು ಎಂಬುದು ನನ್ನ ಚಿಂತೆ.

ನೀವು ಹೇಳಿದ ತೊಟ್ಟಿ ಮನೆಯನ್ನೇ ನೋಡಿ. ಅದು ಹೆಚ್ಚಾಗಿ ಮಲೆನಾಡಿನ, ಹಳೇ ಮೈಸೂರಿನ ಕಡೆಯ ಮನೆ. ನಮ್ಮ ಬಯಲುಸೀಮೆಯ ಹಳ್ಳಿಗಳ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು: ದಪ್ಪ ಗೋಡೆ, ಕಂಬ, ತೊಲೆ, ಜಂತೆ, ಮೇಲೆ ಚೌಳು ಮಣ್ಣು, ಬೆಳಕಿಗೆ ಮಾಳಿಗೆಯಲ್ಲೊಂದು ಬೆಳಕಿಂಡಿ. ಅಲ್ಲಿ ಮನೆಯನ್ನು ಅಳೆಯುವುದು ಅಂಕಣದಲ್ಲಿ, ಅಂದರೆ ಕಂಬದಿಂದ ಕಂಬಕ್ಕಿರುವ ಜಾಗದ ಲೆಕ್ಕದಲ್ಲಿ. ಆ ಪರಂಪರೆಯಲ್ಲಿ ನಿಮ್ಮ ಚೌಕ ಅಂಗಳ ಇದ್ದರೂ ಮನೆಯ ಒಳಗಿರುವುದು ಅಪರೂಪ. ಫೋನಿನಲ್ಲಿ ನೋಡಿದ ಚಿತ್ರ ನಿಮ್ಮ ಕೈಯಲ್ಲಿ ಪರಂಪರೆಯ ಹೆಸರು ಪಡೆದಿದೆ ಎಂದು ನನ್ನ ಅನುಮಾನ, ಬೇಸರಪಡಬೇಡಿ.

ಇನ್ನು ಅಂಗಳಕ್ಕೆ ಬರೋಣ. ಮಂಡಕ್ಕಿಗೆ ನೆನೆಸಿದ ಭತ್ತ ಒಣಗಬೇಕು. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಮೂರನೇ ವಾರದಲ್ಲಿ ನಡುಮಧ್ಯಾಹ್ನವೂ ಸೂರ್ಯ 52 ಡಿಗ್ರಿಗಿಂತ ಮೇಲೇರುವುದಿಲ್ಲ. ನಿಮ್ಮ ತೆಂಕಣ ಸಾಲಿನ ಎರಡಂತಸ್ತಿನ ಗೋಡೆ 21 ಅಡಿ ಎಂದುಕೊಂಡರೆ ಅದರ ನೆರಳು 16 ಅಡಿ ದಾಟುತ್ತದೆ. ಇಪ್ಪತ್ತು ಅಡಿಯ ಅಂಗಳದಲ್ಲಿ ಬಿಸಿಲಿಗೆ ಉಳಿಯುವುದು ನಾಲ್ಕು ಅಡಿಯೂ ಇಲ್ಲ. ಈ ಲೆಕ್ಕಕ್ಕೆ ಹತ್ತು ನಿಮಿಷ ಸಾಕು, ಆದರೆ ಸಾಕ್ಷಿ ಹುಡುಕಲು ಹೊರಟವರಿಗೆ ಇಂಥ ಲೆಕ್ಕ ಹೊಳೆಯುವುದಿಲ್ಲ.

ಒಮ್ಮೆ ನಮ್ಮ ಕೋಟೆಗೆ ಬನ್ನಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಳ್ಳಲಿಕ್ಕಲ್ಲ. ಗೋಪಾಲಸ್ವಾಮಿ ಹೊಂಡ ತುಂಬಿದ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗೆ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ ಸಾಗುವ ಏರ್ಪಾಟನ್ನು ಕಾಲ್ನಡಿಗೆಯಲ್ಲೇ ಹಿಂಬಾಲಿಸಿ ಸೆಕ್ಷನ್ (ನೆಟ್ಟಗೆ ಸೀಳಿದಂತೆ ಏರಿಳಿತ ತೋರಿಸುವ ಚಿತ್ರ) ಬರೆಯಿರಿ. ಅಲ್ಲಿ ಪ್ಲಾನ್ ನೋಡಿದರೆ ಏನೂ ತಿಳಿಯುವುದಿಲ್ಲ. ಕಟ್ಟಿದವರು ಯೋಚಿಸಿದ್ದೆಲ್ಲ ಇಳಿಜಾರಿನಲ್ಲಿದೆ.

ಉತ್ತರ 3: ಕಟ್ಟಡ ಗುತ್ತಿಗೆದಾರ

ನಾನು ಆರ್ಕಿಟೆಕ್ಟ್ ಅಲ್ಲ, ಮೇಸ್ತ್ರಿಯ ಮಗ. ಅಂಕಣದ ಮಾತು ಬಂದದ್ದರಿಂದ ಹೇಳುತ್ತಿದ್ದೇನೆ. ನಮ್ಮ ತಂದೆ ಹೇಳುತ್ತಿದ್ದಂತೆ, ತೊಲೆ ಎಷ್ಟುದ್ದ ಸಿಕ್ಕಿತೋ ಅಂಕಣವೂ ಅಷ್ಟೇ. ಮನೆಯ ಅಗಲವನ್ನು ಮರ ಹೇಳುತ್ತಿತ್ತು, ಮನೆಯವರಲ್ಲ.

ತಂಗೀ, ಇನ್ನೊಂದು ವಿಷಯ. ಪಾಯಕ್ಕೆ ಸುಣ್ಣದ ಪುಡಿಯಲ್ಲಿ ಗುರುತು ಹಾಕಿದ ದಿನ ಮನೆಯವರು ಅದರೊಳಗೆ ನಿಂತು “ಕೋಣೆ ಇಷ್ಟು ಸಣ್ಣದೇ?” ಎನ್ನುವುದು ತಪ್ಪದು. ಗೋಡೆ ಎದ್ದ ಮೇಲೆ ಅದೇ ಕೋಣೆ ದೊಡ್ಡದಾಗಿ ಕಾಣುತ್ತದೆ. ಹಾಗಾಗಿ ಹಾಳೆಯ ಮೇಲೆ ನೋಡುವುದನ್ನು ಬಿಟ್ಟು, ಇಪ್ಪತ್ತು ಅಡಿಯನ್ನು ಕಾಲೇಜಿನ ಮೈದಾನದಲ್ಲಿ ಗುರುತು ಹಾಕಿ, ಹನ್ನೆರಡು ಮನೆಯ ಭತ್ತ ಅದರಲ್ಲಿ ಹರಡಲಿಕ್ಕಾಗುತ್ತದೆಯೇ ನೋಡಿ. ಹೊಟ್ಟಿನ ಚೀಲ ಎಲ್ಲಿಡುತ್ತಾರೆ, ಬೆಂಕಿ ಎಷ್ಟು ಗಂಟೆಗೆ ಹಚ್ಚುತ್ತಾರೆ ಎಂದು ಭಟ್ಟಿಯವರನ್ನೇ ಕೇಳಿ.

ಪ್ರಶ್ನೆ ಕೇಳಿದವಳು, ಹತ್ತು ದಿನಗಳ ನಂತರ

ಮೂವರಿಗೂ ಧನ್ಯವಾದ. ಬೆಳಗಿನ ಐದು ಗಂಟೆಗೆ ಒಂದು ಭಟ್ಟಿಗೆ ಹೋಗಿದ್ದೆ. ಬೆಂಕಿ ಆಗಲೇ ಉರಿಯುತ್ತಿತ್ತು. ಕಾದ ಮರಳಿಗೆ ಅಕ್ಕಿ ಬಿದ್ದ ಕ್ಷಣದಲ್ಲಿ ಅರಳಿ ಮೇಲೇಳುವುದನ್ನು ನೋಡುತ್ತ ಸ್ಕೆಚ್ ಮಾಡುವುದನ್ನೇ ಮರೆತೆ. ಬಿಸಿಲೇರಿದ ಮೇಲೆ ಹೆಂಗಸರಿಬ್ಬರು ಹರಡಿದ ಭತ್ತದಲ್ಲಿ ಪಾದ ಎಳೆಯುತ್ತ ಸಾಲು ಬಿಡಿಸಿ ತಿರುವುತ್ತಿದ್ದರು. ಅವರು ನಡೆಯುತ್ತಿದ್ದದ್ದು ಉದ್ದಕ್ಕೆ, ತುದಿ ಮುಟ್ಟಿ ಹಿಂದಿರುಗುವುದು. ನನ್ನ ಚೌಕದಲ್ಲಾಗಿದ್ದರೆ ಅವರು ತಿರುಗುವುದರಲ್ಲೇ ದಣಿಯುತ್ತಿದ್ದರು.

ಈಗ ಅಂಗಳ ಮೂಡಣ-ಪಡುವಣ ಉದ್ದವಾಗಿದೆ. ತೆಂಕಣ ಸಾಲು ಒಂದೇ ಅಂತಸ್ತು, ಬಡಗಣ ಸಾಲು ಎರಡು. ಬಸ್ಸಿನ ಚೌಕದಲ್ಲಿ ಉಳಿದಿರುವುದು “ನಡುವೆ ಖಾಲಿ ಜಾಗ” ಎಂಬುದಷ್ಟೇ.

ಬಗೆಹರಿಯದಿರುವುದು ಹೊಗೆ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ, ಚಳಿಗಾಲದಲ್ಲಿ ಮೂಡಣದಿಂದ. ಭಟ್ಟಿಗಳನ್ನು ಯಾವ ತುದಿಯಲ್ಲಿಟ್ಟರೂ ವರ್ಷದಲ್ಲಿ ಕೆಲವು ತಿಂಗಳು ಹೊಗೆ ಮನೆಗಳ ಮೇಲೆಯೇ ಬರುತ್ತದೆ. ಚಿಮಣಿಯನ್ನು ಬಡಗಣ ಸಾಲಿನ ಎರಡನೇ ಅಂತಸ್ತಿಗಿಂತ ಎಷ್ಟು ಎತ್ತರ ಒಯ್ದರೆ ಸಾಕಾದೀತು? ಇಂಥ ಕಡೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಮುಂದಿನ ಜ್ಯೂರಿಗೆ ಹದಿನಾರು ದಿನಗಳಿವೆ.