ಮನೆಯಲ್ಲಿರುವ ಕಡತ, ತಾಳೆಗರಿ ಡಿಜಿಟಲ್ ಮಾಡಬೇಕು: ಸಂಶೋಧಕರಿಗೆ ಉಪಯೋಗ ಆಗೋ ಹಾಗೆ ಎಲ್ಲಿಂದ ಶುರು ಮಾಡಲಿ?

ಬಿದನೂರು_ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲ್ಲೂಕಿನವಳು. ಕೆಳದಿ ಅರಸ ಶಿವಪ್ಪ ನಾಯಕನ ಶಿಸ್ತು (ಅವನ ಭೂಕಂದಾಯ ಪದ್ಧತಿ) ಮತ್ತು ಆಮೇಲಿನ ಕಂದಾಯ ಪದ್ಧತಿ ಮೇಲೆ ಪಿಎಚ್‌ಡಿ ಮಾಡ್ತಿದ್ದೀನಿ. ಅಜ್ಜನ ಮನೆ ಅಟ್ಟದ ಪೆಟ್ಟಿಗೆಯಲ್ಲಿ ಕಡತಗಳಿವೆ (ಕಪ್ಪು ಬಟ್ಟೆಯ ಮಡಿಕೆಯ ಹಳೇ ಲೆಕ್ಕದ ಪುಸ್ತಕ), ತಿಗಳಾರಿ ಅನ್ನೋ ಹಳೇ ಲಿಪಿಯ ತಾಳೆಗರಿ ಕಟ್ಟುಗಳಿವೆ, ಹಳೇ ಮಾಸಪತ್ರಿಕೆಗಳ ಬೈಂಡು ಇದೆ. ಮಾವ ಒಪ್ಪಿದ್ದಾರೆ, ಆದರೆ "ಫೋಟೋ ಎಷ್ಟು ಬೇಕಾದ್ರೂ ಹೊಡ್ಕೋ, ಪೆಟ್ಟಿಗೆ ಮಾತ್ರ ಮನೆ ಬಿಟ್ಟು ಹೋಗಬಾರದು" ಅಂದಿದ್ದಾರೆ. ಸುತ್ತಮುತ್ತ ಇನ್ನೂ ಕೆಲವು ಮನೆಯವರು ತೋರಿಸ್ತೀವಿ ಅಂತಿದ್ದಾರೆ.

ನನ್ನ ಚಿಂತೆ ಕ್ಯಾಮೆರಾದ್ದಲ್ಲ. ಈಗ ಇರೋ ಡಿಜಿಟಲ್ ಗ್ರಂಥಾಲಯಗಳಲ್ಲೇ ಬೇಕಾದ್ದು ಸಿಗ್ತಿಲ್ಲ. ಕನ್ನಡ ಪ್ರಬಂಧದ ಪಿಡಿಎಫ್ ತೆರೆದು "ಕಂದಾಯ" ಅಂತ ಹುಡುಕಿದ್ರೆ ಶೂನ್ಯ. ಸಾಲು ನಕಲು ಮಾಡಿದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಬರುತ್ತೆ. ನಾವು ಮಾಡೋದೂ ಹಾಗೇ ಆಗಬಾರದು. ಗೊತ್ತಿರೋರು ದಯವಿಟ್ಟು ಹೇಳಿ.

ಸಾಗರದ_ಗ್ರಂಥಪಾಲಕ

ತಂಗೀ, ಒಳ್ಳೇ ಕೆಲಸಕ್ಕೆ ಕೈ ಹಾಕಿದ್ದೀರಿ. ಕಾಲೇಜು ಲೈಬ್ರರಿಯಲ್ಲೇ ನನ್ನ ಸರ್ವೀಸು ಮುಗಿದದ್ದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಕಡತ. ಅದನ್ನು ಯಾವ ಕಾರಣಕ್ಕೂ ಸ್ಕ್ಯಾನರ್ ಗಾಜಿನ ಮೇಲೆ ಮಗುಚಬೇಡಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಒಣಗಿಸಿ ಮಡಿಕೆ ಹಾಕಿದ್ದದು. ಬರೆದಿರೋದು ಬಳಪದಲ್ಲಿ. ಗಾಜಿಗೆ ಉಜ್ಜಿದರೆ ಮುನ್ನೂರು ವರ್ಷದ ಲೆಕ್ಕ ಗಾಜಿಗೆ ಅಂಟಿಕೊಂಡು ಬರುತ್ತೆ. ಬಟ್ಟೆಯಲ್ಲಿ ಧೂಳು ಒರೆಸೋದೂ ಬೇಡ. ಸ್ಟ್ಯಾಂಡಿಗೆ ಕ್ಯಾಮೆರಾ ಕಟ್ಟಿ ಮೇಲಿಂದ ತೆಗೆಯಿರಿ, ಒಂದೊಂದೇ ಮಡಿಕೆ. ಕಪ್ಪು ಹಾಳೆ ಕಂಡ ಕೂಡಲೇ ಕ್ಯಾಮೆರಾ ತಾನಾಗಿ ಬೆಳಕು ಏರಿಸುತ್ತೆ, ಆಗ ಕಪ್ಪು ಬೂದಿಯಾಗಿ ಬಳಪದ ಗೆರೆ ಬೆಳ್ಳಗೆ ಹರಡಿಕೊಳ್ಳುತ್ತೆ. ಬೆಳಕಿನ ಅಳತೆ ಕೈಯಲ್ಲೇ ತಗ್ಗಿಸಿ ಇಟ್ಟುಕೊಳ್ಳಿ. ಪಕ್ಕದಲ್ಲಿ ಸೆಂಟಿಮೀಟರ್ ಪಟ್ಟಿ ಇರಲಿ. ತಾಳೆಗರಿಗೆ ಎಣ್ಣೆ, ಮಸಿ ಹಚ್ಚೋ ಕೆಲಸ ನೀವೇ ಮಾಡಬೇಡಿ. ಕೆಳದಿ ವಸ್ತುಸಂಗ್ರಹಾಲಯದಲ್ಲಿ ತಾಳೆಗರಿ ಸಂಗ್ರಹವೇ ಇದೆ, ಅಲ್ಲಿ ಕೇಳಿಕೊಂಡು ಮುಂದುವರಿಯಿರಿ. ಮಳೆಗಾಲದಲ್ಲಂತೂ ಕಟ್ಟು ಬಿಚ್ಚಲೇಬೇಡಿ. ಅಡಿಕೆ ಕೊಯ್ಲು ಮುಗಿದು ಮಾಘ-ಫಾಲ್ಗುಣ ಬರಲಿ.

ಈಗ ನಿಮ್ಮ ನಿಜವಾದ ಪ್ರಶ್ನೆ. ಚಿತ್ರ ತೆಗೆದದ್ದು ಗ್ರಂಥಾಲಯ ಆಗೋದಿಲ್ಲ, ಸೂಚಿ, ಅಂದರೆ ಯಾವ ದಾಖಲೆಯಲ್ಲಿ ಏನಿದೆ ಅನ್ನೋ ವಿವರಪಟ್ಟಿ, ಬರೆದ ಮೇಲೆ ಆಗುತ್ತೆ. 2000ದ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಬಂತು. ಲಕ್ಷಗಟ್ಟಲೆ ಪುಸ್ತಕ ಸ್ಕ್ಯಾನ್ ಆಯಿತು. ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಪುಸ್ತಕಗಳ ಹೆಸರನ್ನು ರೋಮನ್ ಅಕ್ಷರದಲ್ಲಿ ಕಿವಿಗೆ ಕೇಳಿದ ಹಾಗೆ ಬರೆದರು. ಒಬ್ಬನೇ ಲೇಖಕ ಹಲವು ಕಾಗುಣಿತದಲ್ಲಿ ಚದುರಿಹೋದ. ಪುಸ್ತಕ ಅಲ್ಲೇ ಇದ್ದರೂ ಹುಡುಕುವವನಿಗೆ ಇಲ್ಲ. ಮುಂದೆ ಹಕ್ಕುಸ್ವಾಮ್ಯದ ತಕರಾರಿನಲ್ಲಿ ಆ ತಾಣವೇ ನಿಂತುಹೋಯಿತು. ಅಷ್ಟರಲ್ಲಿ ಬಹಳಷ್ಟನ್ನು ಇಂಟರ್ನೆಟ್ ಆರ್ಕೈವ್ ಅನ್ನೋ ಉಚಿತ ಜಾಲ ಗ್ರಂಥಾಲಯಕ್ಕೆ ನಕಲು ಮಾಡಿದ್ದರಿಂದ ಇವತ್ತು ನಾವು ಓದುತ್ತಿದ್ದೇವೆ.

ನಮ್ಮ ಜಿಲ್ಲೆಯಲ್ಲಿ ಊರ ಹೆಸರೇ ಒಂದು ಪರೀಕ್ಷೆ. ರೈಸ್ ಸಾಹೇಬರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಶಿವಮೊಗ್ಗ ಜಿಲ್ಲೆಗೆ ಎರಡು ಸಂಪುಟ: 1902ರ ಏಳನೆಯದು, 1904ರ ಎಂಟನೆಯದು. ಅಲ್ಲಿ "ನಗರ ತಾಲ್ಲೂಕು" ಅಂದರೆ ಇವತ್ತಿನ ನಿಮ್ಮ ಹೊಸನಗರ. ಅದೇ ನಗರ ಮೊದಲು ಬಿದನೂರು, 1763ರಲ್ಲಿ ಹೈದರ್ ಹಿಡಿದ ಮೇಲೆ ಹೈದರ್‌ನಗರ. ಏಳನೇ ಸಂಪುಟದ ಹೊನ್ನಾಳಿ, ಚನ್ನಗಿರಿ 1997ರಿಂದ ದಾವಣಗೆರೆ ಜಿಲ್ಲೆಯಲ್ಲಿವೆ. ಶಿವಮೊಗ್ಗದ ಇಂಗ್ಲಿಷ್ ಕಾಗುಣಿತವೂ 2014ರ ನವೆಂಬರ್‌ನಲ್ಲಿ ಬದಲಾಯಿತು. ಆದ್ದರಿಂದ ದಾಖಲೆಯಲ್ಲಿರೋ ಹೆಸರು, ಇವತ್ತಿನ ಹೆಸರು, ಎರಡನ್ನೂ ಸೂಚಿಯ ಬೇರೆ ಬೇರೆ ಮನೆಯಲ್ಲಿ (ಕಾಲಂನಲ್ಲಿ) ತುಂಬಿ. ಕನ್ನಡದಲ್ಲೂ ಬರೆಯಿರಿ, ರೋಮನ್‌ನಲ್ಲೂ ಬರೆಯಿರಿ.

ಕಾಲವೂ ಅಷ್ಟೆ. "ಶಕ 1580 ವಿಳಂಬಿ" ಅಂತಿದ್ದರೆ 1658-59 ಎನ್ನಬಹುದು. ಬರೀ "ವಿಳಂಬಿ ಸಂವತ್ಸರ" ಅಂತಿದ್ದರೆ ಅರವತ್ತು ವರ್ಷಕ್ಕೊಮ್ಮೆ ಬರುವ ಹೆಸರದು, 1718ರದ್ದೂ ಆಗಿರಬಹುದು. ದಾಖಲೆಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ. ನಿಮ್ಮ ಊಹೆ ಪಕ್ಕದ ಮನೆಯಲ್ಲಿರಲಿ. ಒಮ್ಮೆ ಸೂಚಿಯಲ್ಲಿ ತಪ್ಪು ಇಸವಿ ಸೇರಿದರೆ ಹತ್ತು ಪ್ರಬಂಧ ಅದನ್ನೇ ಎತ್ತಿ ಬರೆಯುತ್ತವೆ.

ಗೋಪಾಳ_ಟೆಕ್ಕಿ

ಗ್ರಂಥಪಾಲಕ ಸರ್ ಹೇಳಿದ್ದಕ್ಕೆ ನನ್ನದೊಂದಿಷ್ಟು ಸೇರಿಸ್ತೀನಿ. ಮೇಡಂ, ನಿಮ್ಮ ಪಿಡಿಎಫ್ ಸಮಸ್ಯೆಗೆ ಕಾರಣ ಹಳೇ ಫಾಂಟ್. ಯೂನಿಕೋಡ್‌ಗೆ (ಎಲ್ಲ ಲಿಪಿಗೂ ಬೇರೆ ಬೇರೆ ಸಂಕೇತ ಕೊಡೋ ಜಾಗತಿಕ ವ್ಯವಸ್ಥೆ) ಮುಂಚಿನ ನುಡಿ, ಬರಹ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ರೂಪ ಕೂರಿಸಿರ್ತಾರೆ. ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಅಲ್ಲ. 2009ರ ಯುಜಿಸಿ ನಿಯಮದ ನಂತರ ಪ್ರಬಂಧಗಳು ಶೋಧಗಂಗಾಕ್ಕೆ (ಪಿಎಚ್‌ಡಿ ಪ್ರಬಂಧಗಳ ಜಾಲ ಸಂಗ್ರಹ) ಬರೋಕೆ ಶುರುವಾಯ್ತು, ಆದರೆ ಕನ್ನಡ ವಿಭಾಗಗಳಲ್ಲಿ ಟೈಪಿಂಗ್ ಬಹಳ ಕಾಲ ಹಳೇ ಫಾಂಟಲ್ಲೇ ನಡೀತು. ಮೂಲ ವರ್ಡ್ ಫೈಲ್ ಸಿಕ್ಕರೆ ಪರಿವರ್ತಕ ತಂತ್ರಾಂಶದಿಂದ ಯೂನಿಕೋಡ್ ಮಾಡಬಹುದು. ಪಿಡಿಎಫ್ ಮಾತ್ರ ಇದ್ದರೆ ಪುಟವನ್ನು ಚಿತ್ರ ಅಂತ ತಗೊಂಡು ಓಸಿಆರ್ (ಚಿತ್ರದಲ್ಲಿನ ಅಕ್ಷರವನ್ನ ಯಂತ್ರದಿಂದ ಓದಿಸೋದು) ಮಾಡೋದೇ ಎಷ್ಟೋ ಸಲ ವಾಸಿ.

ಮಾಸಪತ್ರಿಕೆಗೆ ಟೆಸರಾಕ್ಟ್ ಅನ್ನೋ ಓಸಿಆರ್ ತಂತ್ರಾಂಶ ಬಳಸಿ, ಉಚಿತ, ಕನ್ನಡ ಓದುತ್ತೆ. ಆದರೆ ಮೊಳೆ ಅಚ್ಚಿನ ಮಸುಕು ಪುಟದಲ್ಲಿ ಪ-ಷ, ಥ-ಧ ಅದಲುಬದಲು ಆಗುತ್ತೆ, ಒತ್ತಕ್ಷರ ಉದುರುತ್ತೆ, ಸೊನ್ನೆ ಅನುಸ್ವಾರ ಆಗುತ್ತೆ. ಕಂದಾಯದ ಅಂಕಿ ಇರೋ ಕಡೆ ಸೊನ್ನೆ ತಪ್ಪಿದರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಕಣ್ಣಲ್ಲಿ ತಿದ್ದಲೇಬೇಕು. ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರ ಒಂದು ಕಡೆ, ಪಠ್ಯ ಒಂದು ಕಡೆ ಇಟ್ಟು ತಿದ್ದೋ ವ್ಯವಸ್ಥೆ ಇದೆ.

ತಿಗಳಾರಿ ಬಗ್ಗೆ ಖುಷಿ ವಿಷಯ: 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡ್ 16ರಲ್ಲಿ ತುಳು-ತಿಗಳಾರಿ ಸೇರಿದೆ. ಯಂತ್ರ ಅದನ್ನ ಓದೋದು ಕಲಿಯಬೇಕಾದ್ರೆ ಮನುಷ್ಯರು ಓದಿ, ಸಾಲಿಗೆ ಸಾಲು ಟೈಪ್ ಮಾಡಿದ ಪುಟಗಳು ಬೇಕು. ನಿಮ್ಮ ಅಟ್ಟದ ಕಟ್ಟುಗಳಲ್ಲಿ ಕೆಲವು ಗರಿಗಳನ್ನಾದ್ರೂ ಹಾಗೆ ಮಾಡಿದ್ರೆ ಮುಂದಿನವರಿಗೆಲ್ಲ ಆಧಾರ ಆಗುತ್ತೆ.

ಕಾಗೋಡು_ಕಡೆಯವ

ಅಕ್ಕಾ, ಒಂದೇ ಮಾತು. ನಮ್ಮ ಕಡೆ ಹಳೇ ಕಾಗದ ಅಂದ ಕೂಡಲೇ ಜನಕ್ಕೆ ಜಮೀನು ನೆನಪಾಗುತ್ತೆ. ಗೇಣಿದಾರರ 1951ರ ಕಾಗೋಡು ಸತ್ಯಾಗ್ರಹ ನಡೆದ ನೆಲ ಇದು. ಒಡೆಯ ಯಾರು, ಗೇಣಿದಾರ ಯಾರು ಅನ್ನೋದು ಇವತ್ತಿಗೂ ಮನೆ ಮನೆಯಲ್ಲಿ ಜೀವಂತ. ಕಡತದಲ್ಲಿ ಸಾಲದ ಲೆಕ್ಕ, ಜಾತಿ ಹೆಸರು, ಆಳುಗಳ ಹೆಸರು ಇರ್ತವೆ. ಯಾವುದನ್ನ ಎಲ್ಲರಿಗೂ ತೆರೆಯಬಹುದು, ಯಾವುದನ್ನ ಸಂಶೋಧಕರು ಕೇಳಿದಾಗ ಮಾತ್ರ ಕೊಡಬಹುದು ಅಂತ ಮನೆ ಹಿರಿಯರ ಹತ್ತಿರ ಮೊದಲೇ ಬರೆಸಿಕೊಳ್ಳಿ. ಗೇಣಿ ಮಾಡಿದವರ ಮನೆಯವರನ್ನೂ ಕೇಳಿ, ಆ ಲೆಕ್ಕ ಅವರದ್ದೂ ಹೌದು.

ಬಿದನೂರು_ಹುಡುಗಿ

ಕಡೆಯ ಮಾತು ನಾನು ಯೋಚಿಸಿರಲೇ ಇಲ್ಲ ಅಣ್ಣ, ಕೇಳ್ತೀನಿ. ಸರ್, ಮಾಸಪತ್ರಿಕೆಗೆ ಹಕ್ಕುಸ್ವಾಮ್ಯ ಹೇಗೆ? ಕಡೆಗೆ ಇದೆಲ್ಲ ಎಲ್ಲಿ ಇಡಬೇಕು?

ಸಾಗರದ_ಗ್ರಂಥಪಾಲಕ

ಕಾಗೋಡಿನವರು ಹೇಳಿದ್ದು ನೂರಕ್ಕೆ ನೂರು ಸರಿ.

ಹಕ್ಕುಸ್ವಾಮ್ಯ ಲೇಖಕ ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ. 1965ರಲ್ಲಿ ತೀರಿಕೊಂಡವರ ಬರಹ 2026ರ ಜನವರಿ 1ರಿಂದ ಮುಕ್ತ. ಪತ್ರಿಕೆ ಹಳೆಯದು ಅಂತ ಒಟ್ಟಿಗೆ ಹಾಕಬೇಡಿ, ಲೇಖನಕ್ಕೊಬ್ಬ ಲೇಖಕ. ಹೆಸರಿಲ್ಲದ ಬರಹಕ್ಕೆ ಪ್ರಕಟವಾದಾಗಿನಿಂದ 60 ವರ್ಷ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ಮಾಡಿ ಇಟ್ಟುಕೊಳ್ಳಲು 2012ರ ತಿದ್ದುಪಡಿಯಲ್ಲಿ ಅವಕಾಶ ಇದೆ. ಇಟ್ಟುಕೊಳ್ಳುವುದು ಬೇರೆ, ಜಾಲಕ್ಕೆ ಏರಿಸುವುದು ಬೇರೆ.

ಇಡುವ ವಿಷಯ: ಮೂಲ ಚಿತ್ರ ಟಿಫ್ ರೂಪದಲ್ಲಿ, ಓದುವ ಪ್ರತಿ ಪಿಡಿಎಫ್. ಎರಡು ಹಾರ್ಡ್ ಡಿಸ್ಕ್, ಒಂದು ಬೇರೆ ಊರಲ್ಲಿ. ನಮ್ಮ ಕಡೆ ತೇವಕ್ಕೆ ಡಿಸ್ಕೂ ಹಾಳಾಗುತ್ತೆ, ವರ್ಷಕ್ಕೊಮ್ಮೆ ತೆರೆದು ನೋಡಿ. ಸ್ವಂತ ವೆಬ್‌ಸೈಟ್ ಮಾಡುವ ಆಸೆ ಈಗಲೇ ಬೇಡ. ಬಾಡಿಗೆ ಕಟ್ಟುವವರು ನಿಂತರೆ ತಾಣವೂ ಹೋಗುತ್ತೆ, ನಿಮ್ಮ ಪ್ರಬಂಧದ ಅಡಿಟಿಪ್ಪಣಿಯ ಕೊಂಡಿಯೂ ಸಾಯುತ್ತೆ. ತೆರೆಯಬಹುದಾದ್ದು ಇಂಟರ್ನೆಟ್ ಆರ್ಕೈವ್‌ಗೆ ಹೋಗಲಿ. ಉಳಿದದ್ದಕ್ಕೆ ನಿಮ್ಮ ಮಾರ್ಗದರ್ಶಕರ ಮೂಲಕ ವಿಶ್ವವಿದ್ಯಾಲಯದ ಗ್ರಂಥಾಲಯವನ್ನು ಕೇಳಿ, ಡಿಸ್ಪೇಸ್‌ನಂಥ ಡಿಜಿಟಲ್ ಸಂಗ್ರಹದ ತಂತ್ರಾಂಶ ಇದ್ದರೆ ಪ್ರತಿ ದಾಖಲೆಗೂ ಬದಲಾಗದ ಕೊಂಡಿ ಸಿಗುತ್ತೆ.

ಸೂಚಿಗೆ ನಾನು ಬಳಸುತ್ತಿದ್ದ ಎಕ್ಸೆಲ್ ಹಾಳೆ ಇದೆ. ಊರು, ಹೋಬಳಿ, ಲಿಪಿ, ಅಳತೆ, ಮಡಿಕೆ ಸಂಖ್ಯೆ, ದಾಖಲೆಯ ಮೊದಲ ಮತ್ತು ಕೊನೆಯ ಸಾಲು, ಎಲ್ಲದಕ್ಕೂ ಮನೆ ಇದೆ. ಸಂದೇಶ ಕಳಿಸಿ, ಕೊಡುತ್ತೇನೆ. ಒಂದು ಕಡತದ ಸೂಚಿ ಪೂರ್ತಿ ತುಂಬಿ ನನಗೆ ತೋರಿಸಿ, ಆಮೇಲೆ ಎರಡನೆಯದಕ್ಕೆ ಕೈ ಹಾಕಿ.